ಒಂದು ಸಾಲಿನ ತಿದ್ದುಪಡಿ ಮೂರು ತಿಂಗಳು ಕಾಯುವುದೇಕೆ?

ಲೂಪ್ ಒಂದು ಸುತ್ತು ಹೆಚ್ಚಿಗೆ ತಿರುಗುತ್ತಿದೆ. ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು, ತಿದ್ದಲು ಒಂದು ಅಕ್ಷರ ಸಾಕಾಯಿತು. ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದ್ದೂ ಆಯಿತು. ಆಮೇಲೆ ಸದ್ದಿಲ್ಲ, ಸುದ್ದಿಯಿಲ್ಲ. ಅದೇ ಪ್ರಾಜೆಕ್ಟ್‌ನಲ್ಲಿ ಎರಡು ಸಾವಿರ ಸಾಲಿನ ಬದಲಾವಣೆಯೊಂದು ಮೂರೇ ದಿನದಲ್ಲಿ ಮರ್ಜ್ ಆಗಿ ಮೂಲ ಕೋಡ್‌ಗೆ ಸೇರಿರುತ್ತದೆ. ಓಪನ್ ಸೋರ್ಸ್‌ಗೆ ಹೊಸದಾಗಿ ಬಂದವರು ಇದನ್ನು ಕಂಡು, ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಹೊರಗಿನವರೆಂದರೆ ಅಸಡ್ಡೆ ಎಂದುಕೊಳ್ಳುತ್ತಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಬಹುಪಾಲು ಮೌನಕ್ಕೆ ಕಾರಣ ಎರಡರಲ್ಲಿ ಒಂದು: ತಿದ್ದುಪಡಿ ಸರಿಯಾದವರ ಕಣ್ಣಿಗೆ ಬಿದ್ದೇ ಇಲ್ಲ, ಇಲ್ಲವೇ ಬಿದ್ದಿದೆ, ಆದರೆ ಅದನ್ನು ಪರಿಶೀಲಿಸುವ ಶ್ರಮ ಅದರಿಂದ ಸಿಗುವ ಲಾಭಕ್ಕಿಂತ ಹೆಚ್ಚು. ಈ ಎರಡಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ವಾರಕ್ಕೊಮ್ಮೆ ನೆನಪೋಲೆ ಹಾಕುತ್ತ ಹೋದರೆ ಎರಡೂ ವಾಸಿಯಾಗುವುದಿಲ್ಲ.

ಸಾಲು ಕಡಿಮೆ, ಕೆಲಸ ಕಡಿಮೆಯಲ್ಲ

ಮೇಂಟೇನರ್ ಕಡೆಯಿಂದ ಲೆಕ್ಕ ಹಾಕಿ ನೋಡಿ. ಒಂದು ಸಾಲಿನ ಪ್ಯಾಚ್ (ತಿದ್ದುಪಡಿ) ಓದಲು ಹತ್ತು ಸೆಕೆಂಡು ಸಾಕು. ಆದರೆ ಆ ಸಾಲು ಮೊದಲು ಹಾಗೇಕಿತ್ತು ಎಂದು ತಿಳಿಯಲು ಪ್ರತಿ ಸಾಲನ್ನು ಯಾರು, ಯಾವಾಗ ಬರೆದರೆಂದು ತೋರಿಸುವ ಗಿಟ್ ಬ್ಲೇಮ್ ಓಡಿಸಿ ಹಳೆಯ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಕೆದಕಬೇಕು. ಆ ಫಂಕ್ಷನ್ ಅನ್ನು ಕರೆಯುವ ಬೇರೆ ಜಾಗಗಳನ್ನು ನೋಡಬೇಕು. ಹಳೆಯ ತಪ್ಪನ್ನೇ ನಂಬಿಕೊಂಡು ಕೋಡ್ ಬರೆದವರು ಹೊರಗೆ ಇದ್ದಾರೆಯೇ ಎಂದು ಯೋಚಿಸಬೇಕು. ಹಳೆಯ ರಿಲೀಸ್ ಬ್ರಾಂಚ್‌ಗಳಿಗೂ ಇದು ಹೋಗಬೇಕೆ, ಚೇಂಜ್‌ಲಾಗ್‌ನಲ್ಲಿ ಹೇಳಬೇಕೆ ಎಂದು ನಿರ್ಧರಿಸಬೇಕು. ಸಾಲುಗಳು ಕಡಿಮೆಯಾದವೆಂದು ಇವುಗಳಲ್ಲಿ ಯಾವ ಕೆಲಸವೂ ಕಡಿಮೆಯಾಗುವುದಿಲ್ಲ. ಎರಡು ಸಾವಿರ ಸಾಲು ಬೇಗ ಒಳಗೆ ಹೋದದ್ದೇಕೆಂದರೆ, ಅದನ್ನು ಕಳಿಸಿದವರು ಪರಿಚಿತರು. ಏನಾದರೂ ಮುರಿದರೆ ನಾಳೆ ಬಂದು ಅವರೇ ಸರಿಮಾಡುತ್ತಾರೆ ಎಂಬ ಭರವಸೆ ಇದೆ. ಅಪರಿಚಿತರ ವಿಷಯದಲ್ಲಿ ಆ ಭರವಸೆಯ ಜಾಗವನ್ನು ಪುರಾವೆಯೇ ತುಂಬಬೇಕು.

ಸಣ್ಣ ತಿದ್ದುಪಡಿಗೆ ಹೆದರುವುದಕ್ಕೆ ಕಾರಣಗಳೂ ಇವೆ. 2006ರಲ್ಲಿ ಡೆಬಿಯನ್ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಪ್ಯಾಕೇಜಿನಲ್ಲಿ ಎರಡು ಸಾಲುಗಳನ್ನು ಕಾಮೆಂಟ್ ಮಾಡಿ ತೆಗೆಯಲಾಯಿತು. ವಾಲ್‌ಗ್ರೈಂಡ್ ಎಂಬ ಪರೀಕ್ಷಾ ಸಾಧನ ಆ ಸಾಲುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿತ್ತು, ಅದನ್ನು ನಿಲ್ಲಿಸುವುದಷ್ಟೇ ಉದ್ದೇಶ. ಮೂಲ ಪ್ರಾಜೆಕ್ಟ್‌ನವರನ್ನು ಮೊದಲೇ ಕೇಳಿಯೂ ಆಗಿತ್ತು; ಬೇಡವೆಂದು ಯಾರೂ ಹೇಳಲಿಲ್ಲ. ಆ ಸಾಲುಗಳೇ ರ‍್ಯಾಂಡಮ್ ಸಂಖ್ಯೆಗಳಿಗೆ ಕಚ್ಚಾವಸ್ತು ಒದಗಿಸುತ್ತಿದ್ದವು. ಅವು ಹೋದ ಮೇಲೆ ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ, ಅಂದರೆ ಸುಮಾರು 32 ಸಾವಿರ ಸಾಧ್ಯತೆ. ಆ ಅವಧಿಯಲ್ಲಿ ಅಂಥ ಯಂತ್ರಗಳಲ್ಲಿ ತಯಾರಾದ ಗೂಢಲಿಪಿ ಕೀಲಿಗಳನ್ನು ಊಹಿಸಿಯೇ ಕಂಡುಹಿಡಿಯಬಹುದಿತ್ತು. ವಿಷಯ ಬಯಲಾದದ್ದು 2008ರ ಮೇ ತಿಂಗಳಲ್ಲಿ. ಹೀಗಾಗಿ, 'ಲಿಂಟರ್ (ಕೋಡ್ ತಪಾಸಣೆಯ ಸಾಧನ) ಎಚ್ಚರಿಕೆ ಕೊಟ್ಟಿತು, ಸರಿಮಾಡಿದೆ' ಎಂಬಷ್ಟೇ ವಿವರಣೆಯ ಪ್ಯಾಚನ್ನು ಅನುಭವಿ ಮೇಂಟೇನರ್ ಬದಿಗಿಟ್ಟರೆ ಅದನ್ನು ಸೋಮಾರಿತನ ಎನ್ನಲಾಗದು.

ಅಕ್ಷರದೋಷ ತಿದ್ದುವುದಂತೂ ಎಲ್ಲಕ್ಕಿಂತ ಸುರಕ್ಷಿತ ಎಂದು ತೋರುತ್ತದೆ. ಕಾಮೆಂಟ್‌ನಲ್ಲಿದ್ದರೆ ಹೌದು. ದೋಷ ಸಂದೇಶದಲ್ಲಿದ್ದರೆ, ಆ ಸಂದೇಶವನ್ನು ಅಕ್ಷರಶಃ ಹೋಲಿಸುವ ಟೆಸ್ಟ್‌ಗಳು ಬೀಳುತ್ತವೆ, ಲಾಗ್ ಹುಡುಕುವ ಜನರ ಸ್ಕ್ರಿಪ್ಟ್‌ಗಳು ಕೈಕೊಡುತ್ತವೆ. ಅನುವಾದವಾಗುವ ಪಠ್ಯದಲ್ಲಿದ್ದರೆ ಇನ್ನೂ ತಾಪತ್ರಯ: ಗೆಟ್‌ಟೆಕ್ಸ್ಟ್ ಎಂಬ ಅನುವಾದ ವ್ಯವಸ್ಥೆಯಲ್ಲಿ ಅನುವಾದವನ್ನು ಹುಡುಕುವ ಕೀಲಿ ಇಂಗ್ಲಿಷ್ ಪಠ್ಯವೇ, ಅದರಲ್ಲಿ ಒಂದು ಅಕ್ಷರ ಬದಲಾದರೂ ಎಲ್ಲ ಭಾಷೆಗಳ ಆ ಅನುವಾದ ಸಂದೇಹದ ಪಟ್ಟಿಗೆ ಸೇರುತ್ತದೆ ಮತ್ತು ಮರುಪರಿಶೀಲನೆ ಆಗುವವರೆಗೆ ತೆರೆಯ ಮೇಲೆ ಕಾಣುವುದಿಲ್ಲ. ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್‌ನಂಥ ಪ್ರಾಜೆಕ್ಟ್‌ಗಳು ರಿಲೀಸ್‌ಗೆ ಮುಂಚೆ ಪಠ್ಯ ಬದಲಾವಣೆಯನ್ನೇ ನಿಲ್ಲಿಸುವುದು ಇದಕ್ಕೇ. ಇನ್ನು ಬೇರೆ ಪ್ರೋಗ್ರಾಮ್‌ಗಳು ನೆಚ್ಚಿಕೊಂಡಿರುವ ಪ್ರೋಟೋಕಾಲ್ ಅಥವಾ ಎಪಿಐ ಹೆಸರಿನಲ್ಲೇ ತಪ್ಪಿದ್ದರೆ ಕೈಮುಗಿದು ಬಿಡಬೇಕು. ಎಚ್‌ಟಿಟಿಪಿಯ 'ರೆಫರರ್' ಹೆಡರ್‌ನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು 'ಆರ್' ಅಕ್ಷರ ಬಿಟ್ಟುಹೋಗಿದೆ. 1996ರ ಎಚ್‌ಟಿಟಿಪಿ 1.0 ದಾಖಲೆಯಿಂದ ಇಂದಿನವರೆಗೂ ಅದು ಹಾಗೆಯೇ ಇದೆ, ಮುಂದೆಯೂ ಇರುತ್ತದೆ.

ಬಾಗಿಲು ಯಾವುದು

ಮೊದಲ ಪ್ರಶ್ನೆ: ತಿದ್ದುತ್ತಿರುವ ಫೈಲ್ ನಿಜಕ್ಕೂ ಇಲ್ಲಿಯದೇ? ಬೇರೆ ಪ್ರಾಜೆಕ್ಟ್‌ನಿಂದ ನಕಲು ಮಾಡಿ ತಂದಿಟ್ಟ ಲೈಬ್ರರಿಗಳು ಸಾಮಾನ್ಯವಾಗಿ 'ವೆಂಡರ್' ಅಥವಾ 'ಥರ್ಡ್ ಪಾರ್ಟಿ' ಎಂಬ ಫೋಲ್ಡರ್‌ನಲ್ಲಿರುತ್ತವೆ. ಅಲ್ಲಿ ತಿದ್ದಿದರೆ ಮುಂದಿನ ಸಲ ಹೊಸ ಆವೃತ್ತಿ ತಂದಾಗ ಅಳಿಸಿಹೋಗುತ್ತದೆ, ಆದ್ದರಿಂದ ಯಾರೂ ಮರ್ಜ್ ಮಾಡುವುದಿಲ್ಲ. ಕೋಡ್‌ನಿಂದ ತಾನಾಗಿ ತಯಾರಾಗುವ ದಾಖಲೆ ಪುಟಗಳು, ವೆಬ್‌ಲೇಟ್ ಎಂಬ ಅನುವಾದ ತಾಣದ ಮೂಲಕ ಬರುವ ಅನುವಾದದ ಫೈಲ್‌ಗಳಿಗೂ ಇದೇ ಗತಿ. ಫೈಲ್‌ನ ತಲೆಯಲ್ಲಿ 'ಇದನ್ನು ಕೈಯಿಂದ ತಿದ್ದಬೇಡಿ' ಎಂದು ಬರೆದಿರುತ್ತಾರೆ. ಬ್ರೌಸರ್‌ನಲ್ಲೇ ತಿದ್ದಿ ಕಳಿಸುವವರು ಅಷ್ಟು ಮೇಲಕ್ಕೆ ಹೋಗಿ ನೋಡುವುದಿಲ್ಲ.

ಎರಡನೆಯದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಕಾಣುವುದೆಲ್ಲ ಬಾಗಿಲಲ್ಲ. ಲಿನಕ್ಸ್ ಕರ್ನಲ್‌ನ ಗಿಟ್‌ಹಬ್ ಪ್ರತಿ ಬರೀ ಕನ್ನಡಿ, ಅಲ್ಲಿ ಪುಲ್ ರಿಕ್ವೆಸ್ಟ್ ಹಾಕಿದರೆ ಯಾರೂ ನೋಡುವುದಿಲ್ಲ; ಕೆಲಸ ನಡೆಯುವುದು ಇಮೇಲ್‌ನಲ್ಲಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಕೂಡ ಹಾಗೆಯೇ. ಗೋ ಭಾಷೆಯ ಪ್ರಾಜೆಕ್ಟ್ ಗಿಟ್‌ಹಬ್ ಪುಲ್ ರಿಕ್ವೆಸ್ಟನ್ನು ಸ್ವೀಕರಿಸುತ್ತದೆ, ಆದರೆ ಒಂದು ಬಾಟ್ ಅದನ್ನು ಗೆರಿಟ್ ಎಂಬ ವಿಮರ್ಶೆಯ ತಾಣಕ್ಕೆ ಒಯ್ಯುತ್ತದೆ. ವಿಮರ್ಶೆ ನಡೆಯುವುದು ಅಲ್ಲಿ, ಉತ್ತರವನ್ನೂ ಅಲ್ಲಿಯೇ ಕೊಡಬೇಕು. ಗಿಟ್‌ಹಬ್‌ನಲ್ಲಿ ಉತ್ತರ ಬರೆದು ಕಾಯುತ್ತ ಕೂತವರೂ ಇದ್ದಾರೆ, ಅತ್ತ ಗೆರಿಟ್‌ನಲ್ಲಿ ಅವರ ಉತ್ತರಕ್ಕೆ ಕಾಯುತ್ತ ಕೂತವರೂ ಇದ್ದಾರೆ.

ಯಾರಿಗೆ ಕಳಿಸಬೇಕು ಎಂಬುದಕ್ಕೆ ಕರ್ನಲ್‌ನಲ್ಲಿ ಸಿದ್ಧ ಸಾಧನವಿದೆ: 'ಗೆಟ್ ಮೇಂಟೇನರ್' ಎಂಬ ಪರ್ಲ್ ಸ್ಕ್ರಿಪ್ಟ್‌ಗೆ ಪ್ಯಾಚ್ ಕೊಟ್ಟರೆ ಹೆಸರುಗಳು ಮತ್ತು ಮೇಲಿಂಗ್ ಲಿಸ್ಟ್ ವಿಳಾಸಗಳು ಬರುತ್ತವೆ. 'ಮೇಂಟೇನರ್ಸ್' ಫೈಲ್‌ನಲ್ಲಿ ಆ ಭಾಗದ ಸ್ಥಿತಿಯ ಸಾಲನ್ನೂ ಓದಿ. 'ಸಪೋರ್ಟೆಡ್' ಎಂದಿದ್ದರೆ ಅದನ್ನು ನೋಡಿಕೊಳ್ಳಲು ಸಂಬಳ ಪಡೆಯುವವರಿದ್ದಾರೆ. 'ಆಡ್ ಫಿಕ್ಸಸ್' ಎಂದಿದ್ದರೆ ಬಿಡುವಾದಾಗ ಮಾತ್ರ ನೋಡುತ್ತಾರೆ. 'ಆರ್ಫನ್' ಎಂದಿದ್ದರೆ ಯಾರೂ ಇಲ್ಲ, ಮೇಲಿನ ಹಂತದ ಮೇಂಟೇನರ್‌ಗೇ ಕಳಿಸಬೇಕು. ಕುಬರ್ನೆಟೀಸ್ ಪ್ರಾಜೆಕ್ಟ್‌ನಲ್ಲಿ ಫೋಲ್ಡರ್‌ಗಳ 'ಓನರ್ಸ್' ಫೈಲ್, ಗಿಟ್‌ಹಬ್‌ನ ಹಲವು ಪ್ರಾಜೆಕ್ಟ್‌ಗಳಲ್ಲಿ 'ಕೋಡ್‌ಓನರ್ಸ್' ಫೈಲ್ ಇದೇ ಕೆಲಸ ಮಾಡುತ್ತವೆ. ಇದಾವುದೂ ಇಲ್ಲದ ಕಡೆ ಬ್ಲೇಮ್‌ನಲ್ಲಿ ಕಂಡವರನ್ನು ಹಿಡಿಯುವುದು ಸಾಮಾನ್ಯ ತಪ್ಪು. ಆ ಸಾಲು ಬರೆದವರು ಪ್ರಾಜೆಕ್ಟ್ ಬಿಟ್ಟು ಐದು ವರ್ಷವಾಗಿರಬಹುದು. ಕಳೆದ ಆರು ತಿಂಗಳಲ್ಲಿ ಆ ಫೋಲ್ಡರ್‌ಗೆ ಹೊರಗಿನವರ ಬದಲಾವಣೆಗಳನ್ನು ಮರ್ಜ್ ಮಾಡಿದವರು ಯಾರು ಎಂದು ನೋಡಿ, ಹೆಸರಿಸುವುದಾದರೆ ಅವರೊಬ್ಬರನ್ನೇ ಹೆಸರಿಸಿ. ಐದು ಜನರನ್ನು ಒಟ್ಟಿಗೆ ಕರೆದರೆ ಉಳಿದ ನಾಲ್ವರು ನೋಡುತ್ತಾರೆಂದು ಪ್ರತಿಯೊಬ್ಬರೂ ಸುಮ್ಮನಾಗುತ್ತಾರೆ.

ಈಗ ಸರದಿ ಯಾರದ್ದು

ಮೌನದ ಅತಿ ಸಾಮಾನ್ಯ ಕಾರಣ ಸರದಿ ಯಾರದೆಂಬ ಗೊಂದಲವೇ ಎಂದು ಹೇಳಬಹುದು, ಆದರೂ ಇದರ ಬಗ್ಗೆ ಮಾತು ಕಡಿಮೆ. ನೂರಾರು ಪುಲ್ ರಿಕ್ವೆಸ್ಟ್ ತೆರೆದಿರುವ ಪ್ರಾಜೆಕ್ಟ್‌ನಲ್ಲಿ ಮೇಂಟೇನರ್‌ಗಳು ಪೂರ್ತಿ ಪಟ್ಟಿಯನ್ನು ಓದುವುದಿಲ್ಲ. ಸೋಸಿದ ಪಟ್ಟಿಯನ್ನು ಓದುತ್ತಾರೆ. ಸೋಸುವ ಲೇಬಲ್ ತಪ್ಪಾಗಿದ್ದರೆ ನಿಮ್ಮ ಪ್ಯಾಚ್ ಅವರ ಪಾಲಿಗೆ ಇಲ್ಲವೇ ಇಲ್ಲ.

ರಸ್ಟ್ ಭಾಷೆಯ ಮೂಲ ರೆಪೊಸಿಟರಿಯಲ್ಲಿ ವಿಮರ್ಶಕರು ಬದಲಾವಣೆ ಕೇಳಿದಾಗ ಪುಲ್ ರಿಕ್ವೆಸ್ಟ್‌ಗೆ 'ಲೇಖಕರಿಗಾಗಿ ಕಾಯುತ್ತಿದೆ' ಎಂಬರ್ಥದ ಲೇಬಲ್ ಬೀಳುತ್ತದೆ. ಹೊಸ ಕಮಿಟ್ ಪುಶ್ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ. 'ರಸ್ಟ್‌ಬಾಟ್' ಅನ್ನು ಹೆಸರಿಸಿ 'ರೆಡಿ' ಎಂದು ಕಾಮೆಂಟ್ ಬರೆದರೆ ಸರದಿ ಮತ್ತೆ ವಿಮರ್ಶಕರ ಕಡೆ ತಿರುಗುತ್ತದೆ. ಜಾಂಗೋ ಎಂಬ ವೆಬ್ ಪ್ರಾಜೆಕ್ಟ್‌ನಲ್ಲಿ ಕೋಡ್ ಗಿಟ್‌ಹಬ್‌ನಲ್ಲಿದ್ದರೂ ಸರದಿ ನಡೆಯುವುದು ಟ್ರ್ಯಾಕ್ ಎಂಬ ಬೇರೆ ವ್ಯವಸ್ಥೆಯ ಟಿಕೆಟ್‌ನಲ್ಲಿ. ಅಲ್ಲಿ 'ಪ್ಯಾಚ್ ಇದೆ' ಎಂಬ ಗುರುತು ಹಾಕಿರಬೇಕು, ಕೇಳಿದ್ದನ್ನು ಸರಿಮಾಡಿದ ಮೇಲೆ 'ಪ್ಯಾಚ್ ಸುಧಾರಿಸಬೇಕು' ಎಂಬ ಗುರುತನ್ನು ಕಳಿಸಿದವರೇ ತೆಗೆಯಬೇಕು. ಅದನ್ನು ತೆಗೆಯಲು ಮರೆತರೆ ವಿಮರ್ಶೆಯ ಸಾಲಿನಲ್ಲಿ ಟಿಕೆಟ್ ಕಾಣುವುದೇ ಇಲ್ಲ. ಕುಬರ್ನೆಟೀಸ್‌ನಲ್ಲಿ ಹೊಸಬರ ಪುಲ್ ರಿಕ್ವೆಸ್ಟ್‌ಗೆ ಸದಸ್ಯರೊಬ್ಬರು 'ಓಕೆ ಟು ಟೆಸ್ಟ್' ಎಂದು ಬರೆಯುವವರೆಗೆ ಪರೀಕ್ಷೆಗಳು ಓಡುವುದಿಲ್ಲ. ಅಷ್ಟೇ ಅಲ್ಲ, 90 ದಿನ ಚಲನವಲನ ಇಲ್ಲದಿದ್ದರೆ ಬಾಟ್ ಅದನ್ನು ಹಳತು ಎಂದು ಗುರುತಿಸುತ್ತದೆ, ಮತ್ತೆ 30 ದಿನಕ್ಕೆ ಕೊಳೆತದ್ದು ಎನ್ನುತ್ತದೆ, ಇನ್ನೂ 30 ದಿನಕ್ಕೆ ಮುಚ್ಚಿಬಿಡುತ್ತದೆ.

ಗಿಟ್‌ಹಬ್‌ನಲ್ಲಂತೂ ಎಲ್ಲೆಡೆ ಕಾಡುವ ಮೂರು ತೊಡಕುಗಳಿವೆ. ಕ್ರಿಪ್ಟೋಕರೆನ್ಸಿ ಗಣಿಗಾರಿಕೆಗೆ ದುರುಪಯೋಗ ಹೆಚ್ಚಿ, 2021ರಿಂದ ಮೊದಲ ಸಲ ಕಳಿಸುವವರ ಪುಲ್ ರಿಕ್ವೆಸ್ಟ್‌ನಲ್ಲಿ ಗಿಟ್‌ಹಬ್ ಆ್ಯಕ್ಷನ್ಸ್ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸೇವೆ) ಓಡಲು ಮೇಂಟೇನರ್ ಒಪ್ಪಿಗೆ ಬೇಕು. ಹಸಿರು ಗುರುತು ಇರುವುದನ್ನೇ ಮೊದಲು ನೋಡುವ ಮೇಂಟೇನರ್‌ಗೆ ನಿಮ್ಮದು ಕಾಣದಿರಲು ಇದೊಂದೇ ಸಾಕು. ಆದ್ದರಿಂದ ಯಾವ ಆವೃತ್ತಿಯ ಮೇಲೆ, ಯಾವ ಕಮಾಂಡ್‌ನಿಂದ ಟೆಸ್ಟ್ ಓಡಿಸಿದ್ದೀರಿ, ಫಲಿತಾಂಶ ಏನು ಎಂದು ವಿವರಣೆಯಲ್ಲೇ ಬರೆಯಿರಿ. ಎರಡನೆಯದು ಒಪ್ಪಂದದ ಸಹಿ: ಕೆಲವು ಕಡೆ ಸಿಎಲ್‌ಎ (ಕೊಡುಗೆದಾರರ ಪರವಾನಗಿ ಒಪ್ಪಂದ), ಕೆಲವು ಕಡೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎನ್ನುವ 'ಸೈನ್ಡ್ ಆಫ್ ಬೈ' ಸಾಲು ಪ್ರತಿ ಕಮಿಟ್‌ನಲ್ಲೂ. ಅದಿಲ್ಲದೆ ಕೆಂಪು ಗುರುತು ಬಿದ್ದರೆ ಹೆಚ್ಚಿನವರು ತೆರೆಯುವುದೂ ಇಲ್ಲ. ಮೂರನೆಯದು, ಕೇಳಿದ್ದನ್ನು ತಿದ್ದಿ ಪುಶ್ ಮಾಡಿದ ಮೇಲೆ ವಿಮರ್ಶಕರ ಹೆಸರಿನ ಪಕ್ಕದ ಸುತ್ತುಬಾಣದ ಗುಂಡಿ ಒತ್ತಿ ಮರುವಿಮರ್ಶೆ ಕೇಳಬೇಕು. ಒತ್ತದಿದ್ದರೆ ಅವರ ಪಟ್ಟಿಗೆ ಅದು ಮರಳುವುದಿಲ್ಲ.

ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಪ್ರಾಜೆಕ್ಟ್‌ನಲ್ಲಿ ಇನ್ನೊಂದು ವಿಚಿತ್ರ. ಒಪ್ಪಿಗೆ ಸಿಕ್ಕ ಪ್ಯಾಚ್ ತಿಂಗಳುಗಟ್ಟಲೆ ಹಾಗೇ ಬಿದ್ದಿರಬಹುದು, ಏಕೆಂದರೆ ಕಳಿಸಿದವರಿಗೆ ಮರ್ಜ್ ಮಾಡುವ ಹಕ್ಕಿಲ್ಲ, ಅವರಿಗೆ ಹಕ್ಕಿದೆಯೆಂದು ವಿಮರ್ಶಕರು ಭಾವಿಸಿರುತ್ತಾರೆ. 'ನನಗೆ ಕಮಿಟ್ ಹಕ್ಕಿಲ್ಲ, ದಯವಿಟ್ಟು ಮರ್ಜ್ ಮಾಡಿ' ಎಂಬ ಒಂದು ಸಾಲು ಸಾಕು.

ಪರಿಶೀಲನೆಯ ಭಾರ ಇಳಿಸುವುದು

ಸಣ್ಣ ಪ್ಯಾಚ್‌ನ ವಿವರಣೆಯಲ್ಲಿ ಇರಬೇಕಾದದ್ದು ಇಷ್ಟು: ಏನು ಕೆಡುತ್ತಿದೆ, ಹೇಗೆ ಮಾಡಿದರೆ ಅದು ಕಾಣುತ್ತದೆ, ಎಂದಿನಿಂದ ಕೆಟ್ಟಿದೆ, ಈ ತಿದ್ದುಪಡಿ ಏಕೆ ಸರಿ. 'ಎಂದಿನಿಂದ' ಎಂಬುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಮೇಂಟೇನರ್ ಸಮಯ ಅತಿ ಹೆಚ್ಚು ಉಳಿಯುವುದು ಅದರಿಂದಲೇ. ಕಮಿಟ್‌ಗಳ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತ ಹುಡುಕುವ ಗಿಟ್ ಬೈಸೆಕ್ಟ್ ಓಡಿಸಿದರೆ ಸಾವಿರ ಕಮಿಟ್‌ಗಳ ನಡುವಿನ ತಪ್ಪು ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಕರ್ನಲ್‌ನಲ್ಲಿ ಅದನ್ನು 'ಫಿಕ್ಸಸ್' ಎಂಬ ಸಾಲಿನಲ್ಲಿ, ಕಮಿಟ್ ಗುರುತಿನ ಮೊದಲ ಕನಿಷ್ಠ 12 ಅಕ್ಷರ ಮತ್ತು ಶೀರ್ಷಿಕೆಯೊಂದಿಗೆ ಬರೆಯುತ್ತಾರೆ. ಯಾವ ಸ್ಟೇಬಲ್ ಆವೃತ್ತಿಗಳಿಗೆ ಇದು ಬೇಕು ಎಂಬುದು ಆ ಒಂದು ಸಾಲಿನಿಂದಲೇ ತಿಳಿಯುತ್ತದೆ. ಹಳೆಯ ಸಾಲು ಬರೆದವರ ಉದ್ದೇಶ ಏನಿತ್ತು, ಅದು ಈಗ ಏಕೆ ಅನ್ವಯಿಸುವುದಿಲ್ಲ ಎಂದು ಎರಡು ವಾಕ್ಯದಲ್ಲಿ ಹೇಳಿದರೆ ಮೇಂಟೇನರ್ ಮಾಡಬೇಕಿದ್ದ ಅಗೆತ ಮುಗಿದಂತೆ.

ತಿದ್ದುಪಡಿ ಇಲ್ಲದಿದ್ದರೆ ಬೀಳುವ, ಇದ್ದರೆ ಗೆಲ್ಲುವ ಒಂದು ಟೆಸ್ಟ್ ಸೇರಿಸಿ. ಟೆಸ್ಟ್ ಬರೆಯಲಾಗದ ಜಾಗವಾದರೆ ಮೊದಲಿನ ಮತ್ತು ನಂತರದ ಔಟ್‌ಪುಟ್ ಅಂಟಿಸಿ. ಅಕ್ಕಪಕ್ಕದ ಇಂಡೆಂಟ್ ಸರಿಪಡಿಸುವ ಆಸೆ ಬೇಡ. ಎಡಿಟರ್ ತಾನಾಗಿ ಸಾಲಿನ ಕೊನೆಯ ಖಾಲಿ ಜಾಗ ಅಳಿಸಿ ಒಂದು ಸಾಲಿನ ಪ್ಯಾಚನ್ನು ನಲವತ್ತು ಸಾಲಾಗಿಸಿರುವುದುಂಟು. ಕಳಿಸುವ ಮೊದಲು ಗಿಟ್ ಡಿಫ್ ನೋಡಿದರೆ ಇದು ಸಿಕ್ಕಿಬೀಳುತ್ತದೆ. ಅಕ್ಷರದೋಷಗಳನ್ನು ಹದಿನಾಲ್ಕು ಪುಲ್ ರಿಕ್ವೆಸ್ಟ್‌ಗಳಾಗಿ ಕಳಿಸದೆ ಒಂದು ದಾಖಲೆ ವಿಭಾಗಕ್ಕೆ ಒಂದರಂತೆ ಒಟ್ಟುಮಾಡಿ, ಆದರೆ ಕೋಡ್ ತಿದ್ದುಪಡಿಯೊಂದಿಗೆ ಬೆರೆಸಬೇಡಿ. ಇಮೇಲ್ ಪ್ರಾಜೆಕ್ಟ್‌ಗಳಿಗೆ ಗಿಟ್ ಸೆಂಡ್‌ಇಮೇಲ್ ಬಳಸಿ. ವೆಬ್‌ಮೇಲ್‌ನಿಂದ ಅಂಟಿಸಿದರೆ ಟ್ಯಾಬ್‌ಗಳು ಖಾಲಿ ಜಾಗಗಳಾಗಿ ಪ್ಯಾಚ್ ಕೂರುವುದಿಲ್ಲ. ಎಚ್‌ಟಿಎಂಎಲ್ ಮೇಲ್ ಆದರೆ ಕರ್ನಲ್‌ನ ಮೇಲಿಂಗ್ ಲಿಸ್ಟ್ ಅದನ್ನು ತಿರಸ್ಕರಿಸುತ್ತದೆ.

ಹೊತ್ತೂ ಮುಖ್ಯ. ಕರ್ನಲ್ 9ರಿಂದ 10 ವಾರಕ್ಕೊಮ್ಮೆ ಬಿಡುಗಡೆಯಾಗುತ್ತದೆ, ಅದರ ಮೊದಲ ಎರಡು ವಾರ ಮರ್ಜ್ ವಿಂಡೋ, ಅಂದರೆ ಹೊಸ ಬದಲಾವಣೆಗಳನ್ನು ಒಳಗೆ ತೆಗೆದುಕೊಳ್ಳುವ ಅವಧಿ. ಮೇಂಟೇನರ್‌ಗಳು ಆಗ ತಮ್ಮ ಸಂಗ್ರಹವನ್ನು ಮೇಲಕ್ಕೆ ಕಳಿಸುವುದರಲ್ಲಿ ಮುಳುಗಿರುತ್ತಾರೆ. ನೆಟ್‌ವರ್ಕಿಂಗ್ ವಿಭಾಗವಂತೂ ಹೊಸ ಕೆಲಸದ ಬಾಗಿಲನ್ನು ಮುಚ್ಚಿಯೇ ಇಟ್ಟಿರುತ್ತದೆ, ಬಗ್ ಪರಿಹಾರಗಳಿಗೆ ಮಾತ್ರ ದಾರಿ.

ಸಂಶಯದ ಕಾಲ

ಸಣ್ಣ ತಿದ್ದುಪಡಿಗಳ ಮೇಲಿನ ನಂಬಿಕೆ ಕೆಲವು ವರ್ಷಗಳಿಂದ ಕುಸಿಯುತ್ತಲೇ ಬಂದಿದೆ. ಓಪನ್ ಸೋರ್ಸ್ ಕೊಡುಗೆಯನ್ನು ಉತ್ತೇಜಿಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟಿಶರ್ಟ್ ಎಂದಾಗ ರೀಡ್‌ಮೀ ಫೈಲ್‌ಗಳಿಗೆ ಅರ್ಥವಿಲ್ಲದ ವಿಶೇಷಣ ಸೇರಿಸುವವರ ಹಿಂಡೇ ಬಂತು. ಒಪ್ಪಿದ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಎಂದು ಸಂಘಟಕರು ಆ ತಿಂಗಳೇ ನಿಯಮ ಬದಲಿಸಬೇಕಾಯಿತು. 2020ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣ ಪರಿಹಾರಗಳ ವೇಷದಲ್ಲಿ ದೋಷಯುಕ್ತ ಪ್ಯಾಚ್‌ಗಳನ್ನು ಕರ್ನಲ್‌ಗೆ ಕಳಿಸಿ ಪ್ರಯೋಗ ಮಾಡಿದ್ದು 2021ರಲ್ಲಿ ದೊಡ್ಡ ಗಲಾಟೆಯಾಗಿ, ಆ ವಿಶ್ವವಿದ್ಯಾಲಯದ ಹಿಂದಿನ ಪ್ಯಾಚ್‌ಗಳನ್ನೆಲ್ಲ ಮರುಪರಿಶೀಲಿಸಲಾಯಿತು. ಈಗ ಕೃತಕ ಬುದ್ಧಿಮತ್ತೆಯ ಸರದಿ. ಜೆಂಟೂ ಲಿನಕ್ಸ್ 2024ರಲ್ಲಿ ಅಂಥ ಕೊಡುಗೆಗಳನ್ನು ನಿಷೇಧಿಸಿತು, ಘೋಸ್ಟಿ ಟರ್ಮಿನಲ್ 2025ರಲ್ಲಿ ಅದರ ನೆರವು ಪಡೆದಿದ್ದರೆ ಹೇಳಲೇಬೇಕು ಎಂದಿತು, ಡೇಟಾ ವರ್ಗಾವಣೆಯ ಸಾಧನ ಕರ್ಲ್‌ನ ಪ್ರಾಜೆಕ್ಟ್ ಕಸದ ವರದಿಗಳ ಕಾಟಕ್ಕೆ ಬೇಸತ್ತು 2019ರಿಂದ ನಡೆಸುತ್ತಿದ್ದ ಬಗ್ ಬಹುಮಾನವನ್ನು 2026ರ ಜನವರಿ ಕೊನೆಗೆ ನಿಲ್ಲಿಸಿತು.

ಇದರ ಪರಿಣಾಮ ಪ್ರಾಮಾಣಿಕರ ಮೇಲೂ ಆಗುತ್ತದೆ. ಒಂದು ಸಾಲಿನ ಬದಲಾವಣೆಗೆ ಉಪಶೀರ್ಷಿಕೆ, ಬುಲೆಟ್‌ಗಳ ಸಮೇತ ಎರಡು ಪುಟದ ವಿವರಣೆ ಇದ್ದರೆ ಮೇಂಟೇನರ್ ಅಲ್ಲಿಗೇ ಬಿಡುತ್ತಾರೆ. ಉಪಕರಣದ ನೆರವು ಪಡೆದಿದ್ದರೆ ಒಂದು ಸಾಲಿನಲ್ಲಿ ಹೇಳಿ, ವಿವರಣೆಯನ್ನು ನೀವೇ ಬರೆಯಿರಿ. ವಿಮರ್ಶಕರ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರ ಕೊಡಲಾಗದ ಪ್ಯಾಚನ್ನು ಕಳಿಸದಿರುವುದೇ ಲೇಸು.

ನೆನಪಿಸುವ ಬಗೆ

ಕರ್ನಲ್‌ನ ಮಾರ್ಗಸೂಚಿ ಕನಿಷ್ಠ ಒಂದು ವಾರ ಕಾಯಿರಿ ಎನ್ನುತ್ತದೆ. ಎಲ್‌ಎಲ್‌ವಿಎಂ ವಾರಕ್ಕೊಮ್ಮೆ ನೆನಪಿಸುವುದನ್ನು ಮಾಮೂಲೆಂದು ಒಪ್ಪುತ್ತದೆ. ನಿಯಮ ಬರೆದಿಡದ, ಬಿಡುವಿನ ವೇಳೆಯಲ್ಲಿ ನಡೆಯುವ ಪ್ರಾಜೆಕ್ಟ್‌ಗಳಲ್ಲಿ ಎರಡು ಮೂರು ವಾರ ಬಿಡುವುದು ಒಳ್ಳೆಯದು. 'ಏನಾಯಿತು?' ಎಂದಷ್ಟೇ ಕೇಳಿದರೆ ಮೇಂಟೇನರ್‌ಗೆ ಇನ್ನೊಂದು ಉತ್ತರ ಬರೆಯುವ ಕೆಲಸ ಹೆಚ್ಚುತ್ತದೆ, ಪ್ಯಾಚ್ ಒಂದಿಂಚೂ ಸರಿಯುವುದಿಲ್ಲ. ನೆನಪಿಸುವಾಗ ಹೊಸದೇನಾದರೂ ಇರಲಿ: ಇಂದಿನ ಮೇನ್ ಬ್ರಾಂಚ್ ಮೇಲೆ ರೀಬೇಸ್ ಮಾಡಿದ್ದೇನೆ (ಮತ್ತೆ ಕೂರಿಸಿದ್ದೇನೆ), ಹೊಸ ಬಿಡುಗಡೆಯಲ್ಲೂ ತಪ್ಪು ಹಾಗೆಯೇ ಇದೆ, ಇದೇ ತೊಂದರೆಯ ಇನ್ನೊಂದು ಇಶ್ಯೂ ಇಲ್ಲಿದೆ, ಇಲ್ಲವೇ ಹೌದು-ಅಲ್ಲ ಎಂದು ಮುಗಿಸಬಹುದಾದ ಒಂದು ಪ್ರಶ್ನೆ. ಇಮೇಲ್‌ನಲ್ಲಿ ಪ್ಯಾಚ್ ಬದಲಾಗಿದ್ದರೆ 'ವಿ2' ಎಂದು, ಬದಲಾಗದೆ ಮತ್ತೆ ಕಳಿಸುತ್ತಿದ್ದರೆ 'ರಿಸೆಂಡ್' ಎಂದು ಗುರುತಿಸಬೇಕು. ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆದರೆ ಅದು ಕಮಿಟ್ ಸಂದೇಶದೊಳಗೆ ಸೇರುವುದಿಲ್ಲ.

ಒತ್ತಡ ಹಾಕುವುದು ಈಗ ಬರೀ ಅಸಭ್ಯತೆಯಾಗಿ ಉಳಿದಿಲ್ಲ. ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಲೈಬ್ರರಿಯಲ್ಲಿ ಅಡಗಿಸಿದ್ದ ಹಿಂಬಾಗಿಲು 2024ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಹಳೆಯ ಪತ್ರವ್ಯವಹಾರ ತೆಗೆದು ನೋಡಿದರೆ, 2022ರಲ್ಲೇ ಅಪರಿಚಿತ ಖಾತೆಗಳು ಪ್ಯಾಚ್‌ಗಳು ಮರ್ಜ್ ಆಗುತ್ತಿಲ್ಲವೆಂದು ದೂರುತ್ತ, ಒಬ್ಬಂಟಿಯಾಗಿ ದಣಿದಿದ್ದ ಮೇಂಟೇನರ್ ಮೇಲೆ ಹೊಸಬರಿಗೆ ಅಧಿಕಾರ ಕೊಡುವಂತೆ ಒತ್ತಡ ಹೇರಿದ್ದವು. ಅಂದಿನಿಂದ 'ಪ್ರಾಜೆಕ್ಟ್ ಸತ್ತಿದೆಯೇ?' ಎಂಬ ಕಾಮೆಂಟ್ ಕಂಡರೆ ಮೇಂಟೇನರ್‌ಗಳಿಗೆ ಸಿಟ್ಟಿಗಿಂತ ಮೊದಲು ಅನುಮಾನ ಬರುತ್ತದೆ.

ನೆನಪೋಲೆಗಿಂತ ಹೆಚ್ಚು ಕೆಲಸ ಮಾಡುವುದು ಕೊಡುಕೊಳ್ಳುವಿಕೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಕಮಿಟ್‌ಫೆಸ್ಟ್ ಎಂಬ ವಿಮರ್ಶೆಯ ಸುತ್ತಿನಲ್ಲಿ ಪ್ಯಾಚ್ ಕೊಟ್ಟವರು ಅಷ್ಟೇ ಕಷ್ಟದ ಇನ್ನೊಬ್ಬರ ಪ್ಯಾಚ್ ವಿಮರ್ಶಿಸಬೇಕೆಂಬ ನಿರೀಕ್ಷೆಯೇ ಇದೆ. ಬೇರೆಡೆಯೂ ಕಾಯುತ್ತಿರುವ ಎರಡು ಪ್ಯಾಚ್‌ಗಳನ್ನು ಓಡಿಸಿ ನೋಡಿ 'ಈ ಆವೃತ್ತಿಯಲ್ಲಿ ಪರೀಕ್ಷಿಸಿದೆ, ಸರಿಯಾಗಿದೆ' ಎಂದು ಬರೆದರೆ ನಿಮ್ಮ ಹೆಸರು ಪರಿಚಿತವಾಗುತ್ತದೆ, ಮೇಂಟೇನರ್‌ಗಳ ಬಾಕಿ ಪಟ್ಟಿಯೂ ಕರಗುತ್ತದೆ.

ಕೊನೆಗೂ ಯಾರೂ ನೋಡದಿದ್ದರೆ

ಕಳೆದ ಒಂದು ವರ್ಷದಲ್ಲಿ ಹೊರಗಿನವರ ಒಂದು ಪ್ಯಾಚೂ ಮರ್ಜ್ ಆಗಿಲ್ಲದಿದ್ದರೆ ತಪ್ಪು ನಿಮ್ಮ ವಿವರಣೆಯದ್ದಲ್ಲ. ಪೈಥಾನ್ ಪ್ಯಾಕೇಜುಗಳ ಭಂಡಾರ ಪೈಪಿಐನಲ್ಲಿ ಕೈಬಿಟ್ಟ ಪ್ಯಾಕೇಜಿನ ಹೆಸರನ್ನು ವರ್ಗಾಯಿಸಲು ಪೆಪ್ 541 ಎಂಬ ನಿಯಮದ ಕ್ರಮ ಇದೆ, ಆದರೆ ಒಂದು ಸಾಲಿಗಾಗಿ ಇಡೀ ಪ್ಯಾಕೇಜಿನ ಹೊಣೆ ಹೊರುವುದು ಅತಿಯಾಯಿತು. ತಿದ್ದುಪಡಿಯನ್ನು ಸಾರ್ವಜನಿಕ ಬ್ರಾಂಚ್‌ನಲ್ಲಿಟ್ಟು ನಿಮ್ಮ ಕಡೆಯಲ್ಲೇ ಹೊತ್ತು ನಡೆಸಬಹುದು. ರಸ್ಟ್‌ನ ಪ್ಯಾಕೇಜ್ ಸಾಧನ ಕಾರ್ಗೋದಲ್ಲಿ 'ಪ್ಯಾಚ್' ವಿಭಾಗ, ಗೋದಲ್ಲಿ 'ರಿಪ್ಲೇಸ್' ನಿರ್ದೇಶನ, ಜಾವಾಸ್ಕ್ರಿಪ್ಟ್‌ನಲ್ಲಿ 'ಪ್ಯಾಚ್ ಪ್ಯಾಕೇಜ್' ಇದಕ್ಕೆಂದೇ ಇವೆ. ಇವುಗಳ ಸ್ವಭಾವ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಮೂಲದ ಆವೃತ್ತಿ ಮುಂದೆ ಹೋಗಿ ನಿಮ್ಮ ಪ್ಯಾಚ್ ಬಳಕೆಯಾಗದಿದ್ದರೆ ಕಾರ್ಗೋ ಎಚ್ಚರಿಸುತ್ತದೆ. ಪ್ಯಾಚ್ ಪ್ಯಾಕೇಜ್ ಕೂಡ ಕೂರದ ಪ್ಯಾಚ್ ಕಂಡರೆ ದೋಷ ತೋರಿಸುತ್ತದೆ. ಆವೃತ್ತಿ ಸೂಚಿಸದ ರಿಪ್ಲೇಸ್ ಇದ್ದರೆ ಗೋ ಮಾತ್ರ ಏನೂ ಹೇಳುವುದಿಲ್ಲ, ಮೂಲದಲ್ಲಿ ಆ ತಪ್ಪು ಸರಿಯಾದ ಮೇಲೂ ನಿಮ್ಮ ಹಳೆಯ ಫೋರ್ಕನ್ನೇ (ತಿದ್ದಿದ ಪ್ರತಿಯನ್ನೇ) ಬಳಸುತ್ತಿರುತ್ತದೆ. ಆ ಸಾಲಿನ ಪಕ್ಕದಲ್ಲಿ ಪುಲ್ ರಿಕ್ವೆಸ್ಟ್‌ನ ಕೊಂಡಿಯನ್ನು ಕಾಮೆಂಟ್ ಆಗಿ ಬರೆದಿಡಿ, ಆವೃತ್ತಿ ಏರಿಸುವಾಗಲೆಲ್ಲ ಅದನ್ನು ತೆರೆದು ನೋಡಿ.